ಗ್ರಂಥಭಂಡಾರದ ಉಪಾಧ್ಯಾಯ

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಸಮೀಪದಲ್ಲಿ ನಾಗಾವಿ ಎಂಬ ಪ್ರಾಚೀನ ಸ್ಥಳವಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಹೆಸರಾಂತ ವಿದ್ಯಾಕೇಂದ್ರವಾಗಿತ್ತು. ಅಲ್ಲಿನ ಘಟಿಕಾಸ್ಥಾನದ ವ್ಯವಸ್ಥೆಯನ್ನು 1058ರ ಶಾಸನವೊಂದು ವಿವರಿಸುತ್ತದೆ. ವೇದಾಧ್ಯಯನ ಮಾಡುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರಗಳನ್ನು ಕಲಿಯುವ ಸುಮಾರು ಐವತ್ತು ವಿದ್ಯಾರ್ಥಿಗಳು, ಅವರಿಗೆ ಬೋಧಿಸುವ ಆರು ಮಂದಿ ಉಪಾಧ್ಯಾಯರು ಅಲ್ಲಿದ್ದರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಶಾಸನವು ಹೆಸರಿಸುತ್ತದೆ. ಸರಸ್ವತೀ ಭಂಡಾರವೆಂದರೆ ಗ್ರಂಥಾಲಯ. ಅದರ ಭಂಡಾರಿಗರೆಂದರೆ ಗ್ರಂಥಪಾಲಕರು. ಪಾಠ ಹೇಳುವವರು ಎಷ್ಟು ಮಂದಿಯೋ ಗ್ರಂಥಗಳನ್ನು ನೋಡಿಕೊಳ್ಳುವವರೂ ಅಷ್ಟೇ ಮಂದಿ! ಗ್ರಂಥಾಲಯವಿಲ್ಲದ ಪಾಠಶಾಲೆ ಅಪೂರ್ಣವೆಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಒಂಬೈನೂರು ವರ್ಷಗಳಿಗೂ ಹಿಂದೆಯೇ ಇತ್ತೆಂಬುದಕ್ಕೆ ಈ ಶಿಲಾಲೇಖವೇ ಸಾಕ್ಷಿ.

ಕಾಲಾಂತರದಲ್ಲಿ ಈ ತಿಳಿವಳಿಕೆ ಮಸುಕಾಯಿತು. ಶಾಲೆಯಲ್ಲಿ ಗ್ರಂಥಾಲಯವೆಂದರೆ ಬೀಗ ಹಾಕಿದ ಒಂದು ಬೀರು, ಗ್ರಂಥಪಾಲಕನೆಂದರೆ ಅದರ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಕಾವಲುಗಾರ ಎಂಬ ಭಾವನೆ ಬೇರೂರಿತು. ಈ ಭಾವನೆಯನ್ನು ಕಿತ್ತೊಗೆದು, ಗ್ರಂಥಪಾಲಕನು ಮೊದಲು ಉಪಾಧ್ಯಾಯನೆಂಬ ಸತ್ಯವನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಮಹನೀಯರೊಬ್ಬರು ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ದೇಶದಲ್ಲಿ ಆಗಿಹೋದರು. ಅವರೇ ಶಿಯಾಳಿ ರಾಮಾಮೃತ ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಅವರನ್ನು ಗೌರವಿಸುತ್ತಾರೆ. ತಮಿಳುನಾಡಿನಲ್ಲಿ ಹುಟ್ಟಿದ ಅವರು ಉಪಾಧ್ಯಾಯ ವೃತ್ತಿಯನ್ನು ಕೈಗೊಂಡದ್ದು ಕನ್ನಡ ಕರಾವಳಿಯ ಮಂಗಳೂರಿನಲ್ಲಿ. ಬಾಳಿನ ಸಂಜೆಯನ್ನು ಕಳೆದದ್ದು ಬೆಂಗಳೂರಿನಲ್ಲಿ.

ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಿನಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ತಂದೆ ರಾಮಾಮೃತ ಅಯ್ಯರ್ ಸಣ್ಣ ಜಮೀನುದಾರರು. ರಾಮಾಯಣವನ್ನು ಜನರಿಗೆ ರಸವತ್ತಾಗಿ ವಿವರಿಸಿ ಹೇಳುವುದರಲ್ಲಿ ನಿಪುಣರು. ತಾಯಿ ಸೀತಾಲಕ್ಷ್ಮಿ. ಬಾಲಕನಿಗೆ ಆರು ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು. ಬಾಲ್ಯದಿಂದಲೂ ಅವರಿಗೆ ಮಾತಿನಲ್ಲಿ ತೊದಲು ಇತ್ತು. ಮಾತೇ ಬಂಡವಾಳವಾಗಿರುವ ಉಪಾಧ್ಯಾಯ ವೃತ್ತಿಗೆ ಇಂಥವರು ತಕ್ಕವರಲ್ಲವೆಂದು ಯಾರಾದರೂ ಭಾವಿಸಬಹುದಾಗಿತ್ತು. ಆದರೆ ಛಲವುಳ್ಳವನಿಗೆ ಕೊರತೆಯು ತಡೆಯಾಗುವುದಿಲ್ಲ. ಸತತ ಸಾಧನೆಯಿಂದ ಅವರು ಆ ತೊದಲನ್ನು ಗೆದ್ದರು.

ಊರಿನ ಪ್ರೌಢಶಾಲೆಯಲ್ಲಿ ಓದು ಮುಗಿಸಿ ರಂಗನಾಥನ್ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ರಾಸ್ ಅವರ ಪ್ರಭಾವ ಈ ತರುಣನ ಮೇಲೆ ಗಾಢವಾಗಿ ಆಯಿತು. ಗಣಿತದಲ್ಲಿ ಎಂ. ಎ. ಪದವಿಯನ್ನು ಪಡೆದ ಮೇಲೆ ಅವರು ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ಬೋಧನ ಶಾಸ್ತ್ರದ ತರಬೇತಿಯನ್ನು ಹೊಂದಿದರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾಗಿ ನೇಮಕಗೊಂಡರು. ಅನಂತರ ಕೊಯಮತ್ತೂರಿನಲ್ಲಿಯೂ 1921ರಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಗಣಿತವನ್ನು ಬೋಧಿಸಿದರು. ಪಾಠ ಹೇಳುವುದೆಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ. ಎಳೆಯ ಮನಸ್ಸೊಂದು ತನ್ನ ಕಣ್ಣೆದುರಿಗೇ ಅರಳುವುದನ್ನು ಕಾಣುವ ಸಂತೋಷಕ್ಕೆ ಸಮನಾದುದು ಅವರ ಪಾಲಿಗೆ ಬೇರೊಂದಿರಲಿಲ್ಲ.

ಆದರೆ ಅಧ್ಯಾಪಕರ ಸಂಬಳ ಬಹಳ ಕಡಮೆ. ಸಂಸಾರದ ಹೊಣೆ ದೊಡ್ಡದು. ಅದೇ ಸಮಯದಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಗ್ರಂಥಪಾಲಕರ ಹುದ್ದೆಯೊಂದನ್ನು ಸೃಷ್ಟಿಸಿತು. ಆ ಸ್ಥಾನಕ್ಕೆ ಸುಮಾರು ಒಂಬೈನೂರು ಮಂದಿ ಅರ್ಜಿ ಹಾಕಿದ್ದರು. ರಂಗನಾಥನ್ ಅವರೂ ಒಂದು ಅರ್ಜಿ ಸಲ್ಲಿಸಿದರು. ಗ್ರಂಥಾಲಯದ ವಿಷಯದಲ್ಲಿ ಅವರಿಗೆ ಯಾವ ತರಬೇತಿಯೂ ಇರಲಿಲ್ಲ. ಸಂದರ್ಶನಕ್ಕೆ ಹೋಗುವ ಮೊದಲು ವಿಶ್ವಕೋಶದಲ್ಲಿ ಆ ವಿಷಯವಾಗಿದ್ದ ಒಂದು ಲೇಖನವನ್ನು ಓದಿಕೊಂಡಿದ್ದರು, ಅಷ್ಟೆ. ಆದರೂ ಅವರ ವಿದ್ವತ್ತನ್ನು ಮೆಚ್ಚಿ ವಿಶ್ವವಿದ್ಯಾನಿಲಯವು ಅವರನ್ನೇ ಆರಿಸಿತು. 1924ರ ಜನವರಿಯಲ್ಲಿ ಅವರು ಹೊಸ ಹುದ್ದೆಯನ್ನು ವಹಿಸಿಕೊಂಡರು.

ಅಲ್ಲಿ ಅವರಿಗೆ ನಿರಾಶೆ ಕಾದಿತ್ತು. ತುಂಬಿದ ತರಗತಿಯ ಕಲರವಕ್ಕೆ ಒಗ್ಗಿದ್ದ ಆ ಜೀವಕ್ಕೆ ಗ್ರಂಥಾಲಯದ ನಿಶ್ಶಬ್ದವು ಸೆರೆಮನೆಯ ಏಕಾಂತದಂತೆ ತೋರಿತು. ಪುಸ್ತಕಗಳಿದ್ದುವು, ಕೇಳಿಕೊಂಡು ಬರುವವರು ವಿರಳ. ದಿನವೆಲ್ಲ ಸುಮ್ಮನೆ ಕುಳಿತು ಸಂಬಳ ಎಣಿಸುವುದು ಅವರ ಸ್ವಭಾವಕ್ಕೆ ಒಪ್ಪುವಂತಿರಲಿಲ್ಲ. ಕೆಲವೇ ವಾರಗಳಲ್ಲಿ ಅವರು ಮೇಲಧಿಕಾರಿಗಳ ಬಳಿಗೆ ಹೋಗಿ, ತಮ್ಮನ್ನು ಮತ್ತೆ ಕಾಲೇಜಿಗೆ ಕಳುಹಿಸಬೇಕೆಂದು ಬೇಡಿಕೊಂಡರು. ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯ ಶಾಸ್ತ್ರವನ್ನು ಅಭ್ಯಾಸ ಮಾಡಿ ಬರಬೇಕು. ಆಮೇಲೂ ಮನಸ್ಸು ನಿಲ್ಲದಿದ್ದರೆ ಬೋಧನೆಗೆ ಹಿಂದಿರುಗಬಹುದು ಎಂಬ ಒಪ್ಪಂದವಾಯಿತು. ಅಂದು ಅವರ ಕೋರಿಕೆ ಹಾಗೆಯೇ ಈಡೇರಿದ್ದರೆ ಕಾಲೇಜಿಗೆ ಒಬ್ಬ ಒಳ್ಳೆಯ ಗಣಿತದ ಅಧ್ಯಾಪಕರು ಮರಳಿ ದೊರೆಯುತ್ತಿದ್ದರು. ದೇಶವು ತನ್ನ ಗ್ರಂಥಾಲಯಗಳ ಗುರುವನ್ನು ಕಳೆದುಕೊಳ್ಳುತ್ತಿತ್ತು.

ಲಂಡನ್ನಿನಲ್ಲಿ ರಂಗನಾಥನ್ ವಿಶ್ವವಿದ್ಯಾನಿಲಯದ ಗ್ರಂಥಾಲಯ ಶಾಲೆಯನ್ನು ಸೇರಿದರು. ಕ್ರಾಯ್ಡನ್ ನಗರದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರಾಗಿದ್ದ ಬರ್ವಿಕ್ ಸೇಯರ್ಸ್ ಅವರಿಗೆ ಮಾರ್ಗದರ್ಶಕರಾದರು. ಪುಸ್ತಕದ ಪಾಠಕ್ಕಿಂತ ಹೆಚ್ಚಾಗಿ ಕಣ್ಣಾರೆ ಕಂಡದ್ದು ಅವರ ಮನಸ್ಸನ್ನು ತಿರುಗಿಸಿತು. ಅವರು ಆ ದೇಶದ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸಂದರ್ಶಿಸಿದರು. ಗ್ರಂಥಾಲಯವು ವಿದ್ವಾಂಸರ ಸೊತ್ತು ಮಾತ್ರವಲ್ಲ, ಇಡೀ ಸಮಾಜದ ಪಾಠಶಾಲೆಯೆಂಬುದು ಅಲ್ಲಿ ಅವರಿಗೆ ಮನವರಿಕೆಯಾಯಿತು. ತರಗತಿಯಲ್ಲಿ ಉಪಾಧ್ಯಾಯನು ಕೆಲವರಿಗೆ ಕೆಲವು ವರ್ಷ ಮಾತ್ರ ಕಲಿಸಬಲ್ಲನು. ಗ್ರಂಥಾಲಯದಲ್ಲಿ ಕುಳಿತ ಉಪಾಧ್ಯಾಯನಾದರೋ ಬಂದವರೆಲ್ಲರಿಗೂ ಬಾಳಿನುದ್ದಕ್ಕೂ ಕಲಿಸಬಲ್ಲನು. ಈ ಅರಿವು ಮೂಡಿದೊಡನೆ ಅವರ ಸಂದೇಹ ಕರಗಿತು. 1925ರಲ್ಲಿ ಸ್ವದೇಶಕ್ಕೆ ಮರಳಿದಾಗ ಕಾಲೇಜಿಗೆ ಹಿಂದಿರುಗುವ ಮಾತನ್ನೇ ಅವರು ಎತ್ತಲಿಲ್ಲ.

ಲಂಡನ್ನಿನ ಅಂಗಡಿಯೊಂದರಲ್ಲಿ ಅವರು ಮಕ್ಕಳ ಆಟಿಕೆಯೊಂದನ್ನು ಕಂಡರು. ರಂಧ್ರಗಳಿರುವ ಕೆಲವು ಲೋಹದ ಪಟ್ಟಿಗಳನ್ನು ತಿರುಪುಗಳಿಂದ ಬೇರೆಬೇರೆ ರೀತಿಯಲ್ಲಿ ಜೋಡಿಸಿ ಬಗೆಬಗೆಯ ಮಾದರಿಗಳನ್ನು ಮಾಡುವ ಆಟ ಅದು. ವಿಷಯಗಳನ್ನೂ ಹೀಗೆಯೇ ಬಿಡಿ ಅಂಶಗಳಾಗಿ ಒಡೆದು ಬೇಕಾದಂತೆ ಕೂಡಿಸಬಹುದಲ್ಲವೆ ಎಂದು ಅವರಿಗೆ ಹೊಳೆಯಿತು. ಇದರಿಂದ ಹುಟ್ಟಿದುದೇ ದ್ವಿಬಿಂದು ವರ್ಗೀಕರಣ ಪದ್ಧತಿ. 1933ರಲ್ಲಿ ಪ್ರಕಟವಾದ ಈ ಪದ್ಧತಿಯು ಅವರಿಗೆ ವಿಶ್ವದ ವಿದ್ವಾಂಸರ ಮನ್ನಣೆಯನ್ನು ತಂದಿತು.

ಮದರಾಸು ಗ್ರಂಥಾಲಯದ ಸ್ವರೂಪವೇ ಬದಲಾಯಿತು. ಓದುಗರು ಕಪಾಟುಗಳ ನಡುವೆ ತಾವೇ ಸುತ್ತಾಡಿ ಬೇಕಾದ ಗ್ರಂಥಗಳನ್ನು ಆರಿಸಿಕೊಳ್ಳಲು ಅವಕಾಶ ದೊರೆಯಿತು. ಗ್ರಂಥಾಲಯವು ತೆರೆದಿರುವ ವೇಳೆಯನ್ನು ಹೆಚ್ಚಿಸಲಾಯಿತು. ಬಂದವರನ್ನು ಆದರದಿಂದ ವಿಚಾರಿಸಿ, ಅವರವರ ಅಗತ್ಯವನ್ನು ತಿಳಿದು, ತಕ್ಕ ಪುಸ್ತಕವನ್ನು ತೋರಿಸುವ ಸಿಬ್ಬಂದಿ ನೇಮಕಗೊಂಡಿತು. ಹೀಗೆ ಒಬ್ಬೊಬ್ಬ ಓದುಗನಿಗೂ ಪ್ರತ್ಯೇಕವಾಗಿ ನೆರವಾಗುವುದು ಕೂಡ ಬೋಧನೆಯೇ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಸುಮಾರು ಇಪ್ಪತ್ತು ವರ್ಷಗಳ ಕಾಲ ರಜೆಯನ್ನೂ ಬಯಸದೆ, ದಿನಕ್ಕೆ ಹನ್ನೆರಡು ಹದಿಮೂರು ಗಂಟೆ ಅವರು ದುಡಿದರು. ತಮ್ಮ ವಿವಾಹದ ದಿನವೂ ಶಾಸ್ತ್ರವಿಧಿಗಳು ಮುಗಿದ ಕೂಡಲೇ ಗ್ರಂಥಾಲಯಕ್ಕೆ ಮರಳಿದರೆಂಬುದು ಅವರ ಕರ್ತವ್ಯನಿಷ್ಠೆಗೆ ನಿದರ್ಶನವಾಗಿದೆ.

1928ರಲ್ಲಿ ಮದರಾಸು ಗ್ರಂಥಾಲಯ ಸಂಘವು ಸ್ಥಾಪನೆಯಾಯಿತು. ಮರುವರ್ಷವೇ ಗ್ರಂಥಪಾಲಕರಿಗೆ ಶಿಕ್ಷಣ ಕೊಡುವ ಶಾಲೆ ಪ್ರಾರಂಭವಾಯಿತು. ಈ ಎರಡಕ್ಕೂ ರಂಗನಾಥನ್ ಅವರೇ ಜೀವಾಳ. ಈ ಚಳವಳಿಯ ದಿನಗಳಲ್ಲಿಯೇ, 1931ರಲ್ಲಿ, ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಒಯ್ಯುವ ಸಂಚಾರಿ ಗ್ರಂಥಾಲಯವು ಹೊರಟಿತು. ಧಾನ್ಯವನ್ನು ಹೊರುತ್ತಿದ್ದ ಗಾಡಿ ಜ್ಞಾನವನ್ನೂ ಹೊತ್ತು ಹಳ್ಳಿಯ ಬಾಗಿಲಿಗೆ ಬಂದು ನಿಂತಿತು.

ಅದೇ ವರ್ಷ ರಂಗನಾಥನ್ ಅವರ ಅತ್ಯಂತ ಪ್ರಸಿದ್ಧವಾದ ಗ್ರಂಥವು ಹೊರಬಂದಿತು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಆ ಸೂತ್ರಗಳು ಕೇಳುವುದಕ್ಕೆ ಬಹು ಸರಳ. ಆಚರಣೆಯಲ್ಲಿ ಅವುಗಳ ಆಳ ತಿಳಿಯುತ್ತದೆ. ಒಂದು ಶಾಲೆಯ ಗ್ರಂಥಾಲಯವನ್ನು ಎದುರಿಗಿಟ್ಟುಕೊಂಡು ಅವನ್ನು ಪರಿಶೀಲಿಸೋಣ.

ಪುಸ್ತಕವಿರುವುದು ಬಳಸುವುದಕ್ಕಾಗಿ ಎಂಬುದು ಮೊದಲನೆಯ ಸೂತ್ರದ ಸಾರ. ಹಿಂದೆ ಐರೋಪ್ಯ ದೇಶಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಟ್ಟಿಡುತ್ತಿದ್ದರು. ಇಂದು ಸರಪಳಿಯಿಲ್ಲ, ಬೀಗವಿದೆ. ಒಂದು ಪುಸ್ತಕ ಕಳೆದರೆ ಅದರ ಬೆಲೆಯನ್ನು ತಾವೇ ತೆರಬೇಕಾಗುವುದೆಂದು ಅಂಜುವ ಉಪಾಧ್ಯಾಯರು ಬೀರುವನ್ನು ತೆರೆಯಲು ಹಿಂಜರಿಯುವುದು ಸಹಜವೇ. ಆದರೆ ಮಕ್ಕಳ ಕೈಯಲ್ಲಿ ಸವೆದು ಹರಿದ ಪುಸ್ತಕವು ತನ್ನ ಕೆಲಸವನ್ನು ಮಾಡಿದೆ. ಬೀರುವಿನಲ್ಲಿ ಗೆದ್ದಲಿಗೆ ಆಹಾರವಾದ ಪುಸ್ತಕವೇ ನಿಜವಾಗಿ ನಷ್ಟವಾದದ್ದು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕೆನ್ನುತ್ತದೆ ಎರಡನೆಯ ಸೂತ್ರ. ಇಲ್ಲಿ ಬಡವ ಬಲ್ಲಿದ, ಹೆಣ್ಣು ಗಂಡು, ಜಾಣ ದಡ್ಡ ಎಂಬ ಭೇದವಿಲ್ಲ. ಪ್ರತಿಯೊಂದು ಪುಸ್ತಕವನ್ನೂ ಅದರ ಓದುಗನಿಗೆ ಮುಟ್ಟಿಸಬೇಕೆಂಬುದು ಮೂರನೆಯದು. ಯಾವ ಹುಡುಗನಿಗೆ ನಕ್ಷತ್ರಗಳ ಕುತೂಹಲವಿದೆ, ಯಾವ ಹುಡುಗಿಗೆ ಕಥೆಯ ಹಂಬಲವಿದೆ ಎಂಬುದನ್ನು ಬಲ್ಲವರು ಉಪಾಧ್ಯಾಯರಲ್ಲದೆ ಮತ್ತಾರು? ನಾಲ್ಕನೆಯ ಸೂತ್ರವು ಓದುಗನ ವೇಳೆ ವ್ಯರ್ಥವಾಗಬಾರದೆಂದು ಎಚ್ಚರಿಸುತ್ತದೆ. ಪುಸ್ತಕಗಳನ್ನು ವಿಷಯಾನುಸಾರವಾಗಿ ಜೋಡಿಸಿ ಪಟ್ಟಿಮಾಡಿದ್ದರೆ ಬೇಕಾದುದು ಕ್ಷಣದಲ್ಲಿ ಕೈಗೆ ಸಿಗುತ್ತದೆ. ಗ್ರಂಥಾಲಯವು ಬೆಳೆಯುವ ಜೀವಿಯೆಂಬುದು ಕೊನೆಯ ಸೂತ್ರದ ಭಾವ. ಗಿಡಕ್ಕೆ ಹೇಗೋ ಹಾಗೆ ಗ್ರಂಥಾಲಯಕ್ಕೂ ನಿತ್ಯವೂ ಹೊಸ ಚಿಗುರು ಬರಬೇಕು.

ಈ ಐದನ್ನೂ ಒಟ್ಟಾಗಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಇವುಗಳಲ್ಲಿ ಯಾವುದೂ ಬರಿಯ ಕಾವಲುಗಾರನಿಂದ ಆಗುವ ಕೆಲಸವಲ್ಲ. ಪುಸ್ತಕವನ್ನೂ ಮಗುವನ್ನೂ ಸಮನಾಗಿ ಬಲ್ಲವರು ಮಾತ್ರ ಇದನ್ನು ಮಾಡಬಲ್ಲರು. ಆದುದರಿಂದ ಶಾಲೆಯ ಗ್ರಂಥಾಲಯವನ್ನು ವಹಿಸಿಕೊಂಡ ಉಪಾಧ್ಯಾಯರು ಉಳಿದವರ ಹಿಂದೆ ನಿಲ್ಲತಕ್ಕವರಲ್ಲ. ಕಲಿಕೆಯಲ್ಲಿ ಇಡೀ ಶಾಲೆಗೆ ಮುಂದಾಳಾಗತಕ್ಕವರು. ಇತಿಹಾಸದ ಉಪಾಧ್ಯಾಯರಿಗೆ ಶಾಸನಗಳ ಪುಸ್ತಕವನ್ನೂ ವಿಜ್ಞಾನದ ಉಪಾಧ್ಯಾಯರಿಗೆ ಪ್ರಯೋಗಗಳ ಪುಸ್ತಕವನ್ನೂ ಒದಗಿಸಿ, ಪಾಠಕ್ಕೂ ಓದಿಗೂ ಸೇತುವೆ ಕಟ್ಟುವವರು ಅವರು. ಶಾಲಾ ಕಾಲೇಜುಗಳ ಗ್ರಂಥಾಲಯಗಳನ್ನು ಕುರಿತು ರಂಗನಾಥನ್ 1942ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹೊಸ ಶಿಕ್ಷಣದಲ್ಲಿ ಶಾಲಾ ಗ್ರಂಥಾಲಯದ ಸ್ಥಾನವನ್ನು ತಿಳಿಸುವ ಅವರ ಮತ್ತೊಂದು ಗ್ರಂಥವು ಅವರ ನಿಧನದ ಮರುವರ್ಷ, 1973ರಲ್ಲಿ, ಬೆಳಕು ಕಂಡಿತು. ಬಾಳಿನ ಕೊನೆಯವರೆಗೂ ಶಾಲೆಯ ಮಕ್ಕಳ ಓದು ಅವರ ಚಿಂತನೆಯಿಂದ ಮರೆಯಾಗಿರಲಿಲ್ಲ.

ಒಂದು ಪುಸ್ತಕವು ಸರಿಯಾದ ಸಮಯದಲ್ಲಿ ಸರಿಯಾದ ಕೈಯನ್ನು ಸೇರಿದರೆ ಏನಾಗಬಲ್ಲುದೆಂಬುದಕ್ಕೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಬಾಳೇ ಉದಾಹರಣೆ. ಅವರು ಕುಂಭಕೋಣದಲ್ಲಿ ಶಾಲಾ ಬಾಲಕರಾಗಿದ್ದಾಗ, 1903ರಲ್ಲಿ, ಅಲ್ಲಿನ ಕಾಲೇಜಿನ ಗ್ರಂಥಾಲಯದಿಂದ ಗೆಳೆಯರ ಮೂಲಕ ಗಣಿತದ ಒಂದು ಪುಸ್ತಕವು ಎರವಲಾಗಿ ಅವರಿಗೆ ದೊರೆಯಿತು. ಸಾವಿರಾರು ಪ್ರಮೇಯಗಳ ಆ ಪುಸ್ತಕವೇ ಅವರ ಪ್ರತಿಭೆಯ ಬಾಗಿಲನ್ನು ತೆರೆಯಿತು. ಅದು ಅಂದು ಬೀರುವಿನಲ್ಲಿಯೇ ಉಳಿದಿದ್ದರೆ ಜಗತ್ತಿಗೆ ಎಂಥ ನಷ್ಟವಾಗುತ್ತಿತ್ತು! ರಾಮಾನುಜನ್ ಅವರ ಜೀವನಚರಿತ್ರೆಯನ್ನು 1967ರಲ್ಲಿ ಬರೆದು ಪ್ರಕಟಿಸಿದವರು ಈ ರಂಗನಾಥನ್ ಅವರೇ ಎಂಬುದು ಗಮನಾರ್ಹ.

ಮದರಾಸನ್ನು ಬಿಟ್ಟ ಮೇಲೆ ರಂಗನಾಥನ್ 1945ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿನ ಸುಮಾರು ಒಂದು ಲಕ್ಷ ಗ್ರಂಥಗಳನ್ನು ಹದಿನೆಂಟು ತಿಂಗಳುಗಳಲ್ಲಿ ತಾವೊಬ್ಬರೇ ವರ್ಗೀಕರಿಸಿ ಮುಗಿಸಿದರು. 1947ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ಅವರನ್ನು ಬರಮಾಡಿಕೊಂಡಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಮದರಾಸು ಪ್ರಾಂತದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾನೂನು ಜಾರಿಗೆ ಬಂದುದರ ಹಿಂದೆ ಅವರ ಬಹುಕಾಲದ ಶ್ರಮವಿತ್ತು. 1957ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು.

ಅವರ ವಿಚಾರಗಳಿಗೆ ಸಮ್ಮತವಾದ ನಿಲುವನ್ನು ದೇಶದ ಶಿಕ್ಷಣವೇತ್ತರೂ ತಾಳಿದರು. ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯಲ್ಲಿ 1952-53ರಲ್ಲಿ ಕೆಲಸ ಮಾಡಿದ ಪ್ರೌಢಶಿಕ್ಷಣ ಆಯೋಗವು, ಶಾಲೆಗೆ ತರಬೇತಿ ಹೊಂದಿದ ಗ್ರಂಥಪಾಲಕರಿರಬೇಕೆಂದೂ ಅವರ ವೇತನವೂ ಸ್ಥಾನಮಾನವೂ ಹಿರಿಯ ಉಪಾಧ್ಯಾಯರಿಗೆ ಸಮನಾಗಿರಬೇಕೆಂದೂ ಸಲಹೆ ಮಾಡಿತು. ನಾಗಾವಿಯ ಶಾಸನದಲ್ಲಿ ಕಂಡ ಸಮಾನತೆಯೇ ಈ ಸಲಹೆಯಲ್ಲಿ ಮತ್ತೆ ನುಡಿಯಿತು. ಆದರೂ ನಮ್ಮ ಅನೇಕ ಶಾಲೆಗಳಲ್ಲಿ ಆ ಸಲಹೆ ಇನ್ನೂ ಕಾಗದದ ಮೇಲೆಯೇ ಉಳಿದಿದೆ. ಬೋಧಿಸುವ ಉಪಾಧ್ಯಾಯರೊಬ್ಬರೇ ತಮ್ಮ ಪಾಠಗಳ ಭಾರದೊಡನೆ ಗ್ರಂಥಾಲಯದ ಭಾರವನ್ನೂ ಹೊರುವುದು ಸಾಮಾನ್ಯವಾಗಿದೆ.

ವಿದೇಶಗಳಲ್ಲಿ ಸಂಚರಿಸಿ ಬಂದ ರಂಗನಾಥನ್ ಬೆಂಗಳೂರಿನಲ್ಲಿ ನೆಲೆಸಿದರು. ಅಲ್ಲಿ 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1965ರಲ್ಲಿ ಕೇಂದ್ರ ಸರ್ಕಾರವು ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಅವರ ಜೀವನ ತುಂಬ ಸರಳವಾಗಿತ್ತು. ತಮಗಾಗಿ ಅಲ್ಪವನ್ನೇ ಬಳಸಿ ಉಳಿಸಿದ ಹಣದಲ್ಲಿ ಒಂದು ಲಕ್ಷ ರೂಪಾಯಿಗಳನ್ನು, ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠವನ್ನು ಸ್ಥಾಪಿಸಲು ದಾನಮಾಡಿದರು.

ಕನ್ನಡ ನಾಡಿಗೆ ಅವರು ಸಲ್ಲಿಸಿದ ಹಿರಿಯ ಸೇವೆಯೆಂದರೆ ಗ್ರಂಥಾಲಯ ಕಾನೂನು. ಅಂದಿನ ಮೈಸೂರು ರಾಜ್ಯವು 1956ರಲ್ಲಿ ಏಕೀಕರಣಗೊಂಡಾಗ ಬೇರೆಬೇರೆ ಆಡಳಿತಗಳಿಗೆ ಸೇರಿದ್ದ ಪ್ರದೇಶಗಳು ಒಂದಾಗಿದ್ದುವು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುವು. ಅಲ್ಲಿ ಕನ್ನಡ ಶಾಲೆಗಳು ಕಡಮೆ. ಕನ್ನಡ ಪುಸ್ತಕಗಳು ಇನ್ನೂ ಕಡಮೆ. ಇಂಥ ನಾಡಿಗೆ, ಪುಸ್ತಕವನ್ನು ಕೊಳ್ಳುವ ಶಕ್ತಿಯಿಲ್ಲದವನಿಗೂ ಓದುವ ಹಕ್ಕಿದೆ ಎಂಬ ತತ್ತ್ವವು ಎಷ್ಟು ಅಗತ್ಯವಾಗಿತ್ತೆಂಬುದನ್ನು ಹೇಳಬೇಕಾಗಿಲ್ಲ. ರಂಗನಾಥನ್ ಅವರ ಕರಡಿನ ಆಧಾರದ ಮೇಲೆ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಅಧಿನಿಯಮವು ರೂಪುಗೊಂಡಿತು. ಜನರಿಂದ ಸಂಗ್ರಹಿಸುವ ಗ್ರಂಥಾಲಯ ಕರದಿಂದಲೇ ಜನರಿಗೆ ಪುಸ್ತಕ ಒದಗಿಸುವ ವ್ಯವಸ್ಥೆಯು ರಾಜ್ಯದ ಎಲ್ಲ ಜಿಲ್ಲೆಗಳಿಗೂ ಒಂದೇ ಬಗೆಯಲ್ಲಿ ಅನ್ವಯವಾಯಿತು. ಇಂದು ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಹಳ್ಳಿಯ ಮಕ್ಕಳಿಗೂ ತೆರೆದಿವೆ.

ರಂಗನಾಥನ್ ಅವರು 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಪ್ರತಿ ವರ್ಷ ಆಗಸ್ಟ್ 12ನ್ನು ಅವರ ನೆನಪಿನಲ್ಲಿ ಗ್ರಂಥಪಾಲಕರ ದಿನವನ್ನಾಗಿ ಆಚರಿಸಲಾಗುತ್ತದೆ.

ಮಹಾಪುರುಷರನ್ನು ಗೌರವಿಸುವ ನಿಜವಾದ ರೀತಿ ಅವರ ಚಿತ್ರಕ್ಕೆ ಹೂಮಾಲೆ ಹಾಕುವುದಷ್ಟೇ ಅಲ್ಲ. ಭೀಮೆಯ ತೀರದ ಅಫಜಲಪುರ, ಜೇವರ್ಗಿಗಳಲ್ಲಾಗಲಿ, ತೊಗರಿ ಜೋಳಗಳ ಹೊಲಗಳ ನಡುವಿನ ಆಳಂದದ ಹಳ್ಳಿಗಳಲ್ಲಾಗಲಿ, ತನ್ನ ಮನೆತನದಲ್ಲಿ ಮೊತ್ತಮೊದಲು ಅಕ್ಷರ ಕಲಿತು ಪ್ರೌಢಶಾಲೆಗೆ ಬಂದ ಎಷ್ಟೋ ಹುಡುಗ ಹುಡುಗಿಯರಿದ್ದಾರೆ. ಅವರ ಮನೆಯಲ್ಲಿ ಪಠ್ಯಪುಸ್ತಕವಲ್ಲದೆ ಬೇರೊಂದು ಪುಸ್ತಕವಿರಲಾರದು. ಶಾಲೆಯ ಬೀರು ತೆರೆಯದಿದ್ದರೆ ಅವರ ಪಾಲಿಗೆ ಪುಸ್ತಕ ಪ್ರಪಂಚದ ಬಾಗಿಲೇ ಮುಚ್ಚಿದಂತೆ. ಅದನ್ನು ತೆರೆಯುವ ಉಪಾಧ್ಯಾಯರು ಪದವಿಯಲ್ಲಿ ಕಿರಿಯರಿರಬಹುದು, ಅವರ ಬೀರು ಚಿಕ್ಕದಿರಬಹುದು. ಆದರೆ ಅವರು ಹಿಡಿದಿರುವ ಕೆಲಸ ನಾಗಾವಿಯ ಸರಸ್ವತೀ ಭಂಡಾರಿಗರ ಕೆಲಸ, ರಂಗನಾಥನ್ ಅವರ ಕೆಲಸ. ಅವರ ಬಳಿಗೆ ಹೋಗಿ ಪುಸ್ತಕವನ್ನು ಕೇಳಿ ಪಡೆಯುವುದು, ಓದಿ ಜೋಪಾನವಾಗಿ ಹಿಂದಿರುಗಿಸುವುದು, ಮತ್ತೊಂದನ್ನು ಕೇಳುವುದು ವಿದ್ಯಾರ್ಥಿಗಳಾದವರ ಕರ್ತವ್ಯ. ಕೇಳುವ ಕೈಗಳು ಹೆಚ್ಚಿದಷ್ಟೂ ತೆರೆಯುವ ಕೈಗಳಿಗೆ ಬಲ ಬರುತ್ತದೆ.